ಪ್ಲೇಟ್ ಹಾಕಿದವನ ಫೋಟೊ ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಿಪ್ ಹಾಪ್ ಬಗ್ಗೆ ಒಂದಿಡೀ ಪುಟ ಬಂದಿತ್ತು. ಖುಷಿ ಆಯಿತು. ನಮ್ಮ ಹುಡುಗರು ಕನ್ನಡದಲ್ಲಿ ರ‍್ಯಾಪ್ ಮಾಡುತ್ತಿರುವುದನ್ನು ಬರೆದಿದ್ದೀರಿ, ಚಂದನ್ ಶೆಟ್ಟಿ, ಆಲ್ ಓಕೆ ಎಲ್ಲ ಬಂದಿದ್ದಾರೆ, ಅಮೆರಿಕದ ದೊಡ್ಡ ದೊಡ್ಡವರೂ ಇದ್ದಾರೆ. ನಾನು ಕೂತು ಫೋಟೊ ಎಣಿಸಿದೆ. ಹನ್ನೊಂದು. ಹನ್ನೊಂದರಲ್ಲೂ ಕೈಯಲ್ಲಿ ಮೈಕು. ಗ್ರಾಮಫೋನ್ ಪ್ಲೇಟ್ ಆಡಿಸುವ ಡಿಜೆಯ ಫೋಟೊ ಒಂದೂ ಇಲ್ಲ, ನೆಲಕ್ಕೆ ಕೈ ಊರಿ ಕುಣಿಯುವವನ ಫೋಟೊ ಒಂದೂ ಇಲ್ಲ. ಅದೇ ದಿನದ ಜಿಲ್ಲಾ ಪುಟದಲ್ಲಿ ಮಾತ್ರ ‘ಡಿಜೆ’ ಅನ್ನುವ ಪದ ಕಂಡಿತು: ‘ಮೆರವಣಿಗೆಯಲ್ಲಿ ಡಿಜೆ ನಿಷೇಧ’.

ಹಿಪ್ ಹಾಪ್ ಪುಟದಲ್ಲಿ ಡಿಜೆ ಇಲ್ಲ, ಪೊಲೀಸ್ ಪ್ರಕಟಣೆಯಲ್ಲಿ ಡಿಜೆ ಇದೆ. ಮೊದಲು ನಗು ಬಂತು. ಆಮೇಲೆ ಯಾಕೋ ಸುಮ್ನೆ ಬಿಡಬಾರದು ಅನ್ನಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆದೀತು. ಕತ್ತರಿ ಹಾಕುವುದಿದ್ದರೆ ನನ್ನ ಮನೆ ಸುದ್ದಿಗೆ ಹಾಕಿ, ಹಿಪ್ ಹಾಪ್ ಹುಟ್ಟಿದ ಬ್ರಾಂಕ್ಸ್ ಸುದ್ದಿಗೆ ಹಾಕಬೇಡಿ.

ನಾನು ಸಾಗರದವನು. ನಮ್ಮದು ಮೈಕ್ ಸೆಟ್ಟಿನ ಮನೆ. ಈಗ ಬೋರ್ಡಿನಲ್ಲಿ ಸೌಂಡ್ಸ್ ಆ್ಯಂಡ್ ಲೈಟಿಂಗ್ಸ್ ಅಂತಿದೆ, ಆದರೆ ಊರಿಗೆ ನಾವು ಇನ್ನೂ ಮೈಕ್ ಸೆಟ್ಟಿನವರೇ. ನಾನು ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಒಂದು ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನು, ಪ್ಲೇಟ್ ತಿರುಗಿಸುವ ಒಂದು ಮೆಷಿನ್, ಒಂದು ತಗಡಿನ ಟ್ರಂಕ್ ತುಂಬ ಪ್ಲೇಟು ಇದ್ದವು. ಮದುವೆಗೂ ಅದೇ, ಜಾತ್ರೆಗೂ ಅದೇ, ತಾಳಮದ್ದಳೆಗೂ ಅದೇ. ಪ್ಲೇಟನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮೈಗೆ ಬೆರಳು ತಾಗಿಸಬಾರದು ಅನ್ನುವುದು ಅಪ್ಪನ ಕಾನೂನು. ಹನ್ನೊಂದೋ ಹನ್ನೆರಡೋ ವಯಸ್ಸು ನನಗೆ. ಒಂದು ಮದುವೆ ಚಪ್ಪರದಲ್ಲಿ ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ತಿರುಗುತ್ತಿದ್ದ ಪ್ಲೇಟಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದೆ. ನಾಲ್ಕೂ ಹಾರ್ನಿನಿಂದ ಕ್ರೀಯ್ಕ್ ಅಂತ ಸದ್ದು ಬಂತು. ಪಂಕ್ತಿಯಲ್ಲಿ ಕೂತವರೆಲ್ಲ ಎಲೆಯಿಂದ ತಲೆ ಎತ್ತಿದರು. ಅಪ್ಪ ಎಂಜಲು ಕೈಯಲ್ಲೇ ಓಡಿ ಬಂದು, ಎಡಗೈಯಲ್ಲಿ ಬಿಟ್ಟ ಏಟು ಕೆನ್ನೆ ಮೇಲೆ ಎರಡು ದಿನ ಇತ್ತು.

ಅದಕ್ಕೆ ಕೆಲವೇ ವರ್ಷ ಮೊದಲು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಥಿಯೋಡೋರ್ ಅನ್ನುವ ಹುಡುಗ ಇದೇ ಕೆಲಸ ಮಾಡಿದ್ದ. ಅವನೇ ಹೇಳಿಕೊಂಡಿರುವ ಕಥೆ ಇದು. ರೂಮಿನಲ್ಲಿ ಜೋರಾಗಿ ಪ್ಲೇಟ್ ಹಾಕಿಕೊಂಡಿದ್ದನಂತೆ, ಅಮ್ಮ ಬಾಗಿಲಿಗೆ ಬಂದು ಬೈಯಲು ಶುರು ಮಾಡಿದಳಂತೆ. ಬೈಗುಳ ಮುಗಿಯುವ ತನಕ ಪ್ಲೇಟನ್ನು ಕೈಯಲ್ಲಿ ಒತ್ತಿ ಹಿಡಿದ, ಕೈ ಹಿಂದೆ ಮುಂದೆ ಆಡಿತು, ಸದ್ದು ಬಂತು, ಕಿವಿಗೆ ಹಿಡಿಸಿತು. ಅಮ್ಮ ಹೋದ ಮೇಲೆ ಅದನ್ನೇ ಮತ್ತೆ ಮತ್ತೆ ಮಾಡಿ ಪಳಗಿಸಿದ. ಅದೇ ಸ್ಕ್ರ್ಯಾಚ್. ಆ ಹುಡುಗ ಮುಂದೆ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್ ಆದ. ನನಗೆ ಸಿಕ್ಕಿದ್ದು ಏಟು, ಅವನಿಗೆ ಬಿರುದು. ಇರಲಿ.

ಕಥೆ ಶುರುವಾಗುವುದು ಅದಕ್ಕೂ ಮೊದಲು. 1973ರ ಆಗಸ್ಟ್ 11, ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂ, 1520 ನಂಬರಿನ ಅಪಾರ್ಟ್‌ಮೆಂಟು. ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿಗೆ ಶಾಲೆ ತೆರೆಯುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಕಟ್ಟಡದ ಕೆಳಗಿದ್ದ ಹಾಲ್ ಬಾಡಿಗೆಗೆ ಹಿಡಿದು ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಪ್ಲೇಟ್ ಹಾಕಲು ಅಣ್ಣ ಕ್ಲೈವ್ ಇದ್ದ, 18 ವರ್ಷದವನು, ಜಮೈಕಾದಲ್ಲಿ ಹುಟ್ಟಿ ಬ್ರಾಂಕ್ಸ್‌ಗೆ ಬಂದವನು. ಊರಿಗೆಲ್ಲ ಕೂಲ್ ಹೆರ್ಕ್. ಸೆಟ್ ಅಪ್ಪನದ್ದು. ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷ ಹೇಳಲಾಗದು. ಇವನೂ ನಮ್ಮವನೇ, ಅಪ್ಪನ ಮೈಕ್ ಸೆಟ್ ಹೊತ್ತವನು!

ಹೆರ್ಕ್ ಮಾಡಿದ್ದೇನು ಅಂತ ನಮ್ಮ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ಫಂಕ್ ಅನ್ನುವ ಕುಣಿತದ ಹಾಡುಗಳಲ್ಲಿ, ಅಂದರೆ ಅಮೆರಿಕದ ಜೇಮ್ಸ್ ಬ್ರೌನ್ ಥರದವರ ಹಾಡುಗಳಲ್ಲಿ, ನಡುವೆ ಒಂದು ಕಡೆ ಹಾಡುವವನೂ ನಿಲ್ಲುತ್ತಾನೆ, ಗಿಟಾರೂ ನಿಲ್ಲುತ್ತದೆ, ಬರೀ ಡ್ರಮ್ಮು ಉಳಿಯುತ್ತದೆ. ಹತ್ತು ಸೆಕೆಂಡು, ಹೆಚ್ಚೆಂದರೆ ಇಪ್ಪತ್ತು ಸೆಕೆಂಡು. ಅದಕ್ಕೆ ‘ಬ್ರೇಕ್’ ಅಂತ ಹೆಸರು. ಕೆಲವರು ಇಡೀ ಹಾಡು ಸುಮ್ಮನೆ ಗೋಡೆಗೆ ಒರಗಿ ನಿಂತು, ಈ ಸಂದು ಬಂದ ಕೂಡಲೇ ನಡುವೆ ಜಿಗಿದು ಕುಣಿಯುವುದನ್ನು ಹೆರ್ಕ್ ಗಮನಿಸಿದ. ಅವರು ಕಾಯುತ್ತಿರುವುದೇ ಇದಕ್ಕೆ ಅಂದಮೇಲೆ ಇದನ್ನೇ ಉದ್ದ ಮಾಡಿದರೆ? ಎರಡು ಮೆಷಿನ್ ಇಟ್ಟ, ಒಂದೇ ಹಾಡಿನ ಎರಡು ಪ್ಲೇಟ್ ತಂದ. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಬ್ರೇಕಿಗೆ ಪಿನ್, ಅಂದರೆ ಪ್ಲೇಟ್ ಮೇಲೆ ಓಡುವ ಮುಳ್ಳು, ಇಡುವುದು, ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಂದು ಇಡುವುದು. ಹೀಗೆ ಹತ್ತು ಸೆಕೆಂಡಿನ ಸಂದು ಹತ್ತು ನಿಮಿಷ ಎಳೆಯುತ್ತದೆ. ಆ ಬ್ರೇಕಿಗೆ ಕುಣಿಯುವ ಹುಡುಗರನ್ನು ಅವನೇ ಬಿ-ಬಾಯ್ ಅಂತ ಕರೆದ. ಬಿ ಅಂದರೆ ಬ್ರೇಕ್. ಈಗಲೂ ಕುಣಿಯುವವರು ತಮ್ಮನ್ನು ಬಿ-ಬಾಯ್, ಬಿ-ಗರ್ಲ್ ಅಂತಲೇ ಹೇಳಿಕೊಳ್ಳುವುದು. ‘ಬ್ರೇಕ್ ಡ್ಯಾನ್ಸ್’ ಅನ್ನುವುದು ಪತ್ರಿಕೆ, ಟೀವಿಯವರು ಆಮೇಲೆ ಹಚ್ಚಿದ ಹೆಸರು.

ಅಂದರೆ ಕುಣಿತಕ್ಕೋಸ್ಕರ ಈ ಸಂಗೀತ ಹುಟ್ಟಿದೆ, ಪ್ಲೇಟ್ ಆಡಿಸುವವನ ಕೈಯಲ್ಲಿ ಹುಟ್ಟಿದೆ. ನಮ್ಮ ಕಡೆಯವರಿಗೆ ಇದು ಥಟ್ಟನೆ ಹೊಳೆಯಬೇಕು. ಯಕ್ಷಗಾನದಲ್ಲಿ ಭಾಗವತರು ಪದ್ಯ ನಿಲ್ಲಿಸಿದ ಕಡೆ ಚೆಂಡೆ ಮದ್ದಳೆಯವರು ಬಿಡ್ತಿಗೆ ಬಾರಿಸುತ್ತಾರೆ, ವೇಷ ಗಿರಕಿ ಹೊಡೆಯುವುದು, ಜನ ಶಿಳ್ಳೆ ಹಾಕುವುದು ಆಗಲೇ. ಯಾರಾದರೂ ಯಕ್ಷಗಾನದ ಬಗ್ಗೆ ಒಂದು ಪುಟ ಬರೆದು, ಬರೀ ಅರ್ಥ ಹೇಳುವವರ ಫೋಟೊ ಹಾಕಿ, ಹಿಮ್ಮೇಳ ಅಂತ ಒಂದು ಇತ್ತು ಅನ್ನುವುದನ್ನೇ ಬಿಟ್ಟರೆ ನಿಮ್ಮ ಕಚೇರಿಗೆ ಎಷ್ಟು ಪತ್ರ ಬರುತ್ತಿತ್ತು ಯೋಚಿಸಿ. ಕುಣಿತವೂ ಇಲ್ಲದ, ವೇಷವೂ ಇಲ್ಲದ ತಾಳಮದ್ದಳೆಯಲ್ಲೂ ಭಾಗವತರು ನಡುವೆ ಕೂತಿರುತ್ತಾರೆ, ಅಲ್ವಾ?

ಡಿಜೆ ಅಂದರೆ ಬಟನ್ ಒತ್ತುವವನು ಅಂದುಕೊಂಡವರಿಗೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಕಥೆ ಹೇಳಬೇಕು. ಬಾರ್ಬಡೋಸ್‌ನಲ್ಲಿ ಹುಟ್ಟಿದವನು, ಬೆಳೆದದ್ದು ಬ್ರಾಂಕ್ಸ್‌ನಲ್ಲಿ, ಓದಿದ್ದು ಎಲೆಕ್ಟ್ರಾನಿಕ್ಸ್. ಹೆರ್ಕ್ ಪಿನ್ನನ್ನು ಅಂದಾಜಿನಲ್ಲಿ ಇಡುತ್ತಿದ್ದ, ತಾಳ ಸ್ವಲ್ಪ ಆಚೀಚೆ ಆಗುತ್ತಿತ್ತು. ಫ್ಲ್ಯಾಷ್‌ಗೆ ಅದು ಸರಿ ಬರಲಿಲ್ಲ. ಬ್ರೇಕ್ ಎಲ್ಲಿ ಶುರು ಅಂತ ಪ್ಲೇಟಿನ ಮೇಲೇ ಕ್ರೇಯಾನ್‌ನಲ್ಲಿ ಗೆರೆ ಎಳೆದ. ಆ ಗೆರೆ ಗಡಿಯಾರದ ಮುಳ್ಳಿನ ಹಾಗೆ ಎಷ್ಟು ಸುತ್ತು ಹಿಂದೆ ಬರಬೇಕು ಅಂತ ಲೆಕ್ಕ ಇಟ್ಟ. ಕೆಳಗಿನ ತಟ್ಟೆ ತಿರುಗುತ್ತಲೇ ಇರಬೇಕು, ಮೇಲಿನ ಪ್ಲೇಟ್ ಮಾತ್ರ ಕೈ ಹೇಳಿದಂತೆ ಕೇಳಬೇಕು, ಹಾಗಾಗಬೇಕಾದರೆ ನಡುವೆ ಜಾರುವಂಥದ್ದೇನೋ ಬೇಕು. ಅವನ ಅಮ್ಮ ಹೊಲಿಗೆ ಕೆಲಸ ಮಾಡುತ್ತಿದ್ದರು. ಒಂದು ತುಂಡು ಫೆಲ್ಟ್ ಬಟ್ಟೆ ಪ್ಲೇಟಿನ ಅಳತೆಗೆ ದುಂಡಗೆ ಕತ್ತರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ ಗಟ್ಟಿ ಮಾಡಿ ನಡುವೆ ಇಟ್ಟ. ಈಗ ಪ್ಲೇಟ್ ಆಡಿಸುವ ಡಿಜೆಗಳು ಅಂಗಡಿಯಲ್ಲಿ ಕೊಳ್ಳುವ ಸ್ಲಿಪ್‌ಮ್ಯಾಟ್ ಅದೇ. ಕೈ ಬಿಟ್ಟ ಕೂಡಲೇ ವೇಗ ಹಿಡಿಯುವ, ಬೆಲ್ಟ್ ಇಲ್ಲದೆ ಮೋಟರೇ ನೇರ ತಟ್ಟೆ ತಿರುಗಿಸುವ ಟೆಕ್ನಿಕ್ಸ್ ಎಸ್‌ಎಲ್-1200 ಮೆಷಿನ್ 1972ರಲ್ಲಿ ಬಂದಿತ್ತು. ಜಪಾನಿನವರು ಅದನ್ನು ಮಾಡಿದ್ದು ಹಾಡು ಕೇಳಲಿಕ್ಕೆ, ಡಿಜೆಗಳು ಅದನ್ನೇ ವಾದ್ಯ ಮಾಡಿಕೊಂಡರು.

ಇನ್ನೊಂದು ತಮಾಷೆ. ಹೆರ್ಕ್ ತನ್ನ ಪ್ಲೇಟುಗಳ ಲೇಬಲ್ಲನ್ನು ನೀರಲ್ಲಿ ನೆನೆಸಿ ಕಿತ್ತು ಹಾಕುತ್ತಿದ್ದ, ಯಾವ ಹಾಡು ಅಂತ ಬೇರೆ ಡಿಜೆಗಳಿಗೆ ಗೊತ್ತಾಗಬಾರದು ಅಂತ. ನಮ್ಮಪ್ಪನೂ ಹೊಸ ಪ್ಲೇಟ್ ತಂದರೆ ಪೇಟೆಯ ಇನ್ನೊಂದು ಮೈಕ್ ಸೆಟ್ಟಿನವರಿಗೆ ಕವರ್ ತೋರಿಸುತ್ತಿರಲಿಲ್ಲ.

ಈಗ ಮೈಕ್ ಹಿಡಿದವರ ವಿಷಯ. ಹೆರ್ಕ್ ಜೊತೆ ಕೋಕ್ ಲಾ ರಾಕ್ ಅಂತ ಒಬ್ಬ ಗೆಳೆಯ ಇದ್ದ. ಅವನ ಕೆಲಸ ಮೈಕ್‌ನಲ್ಲಿ ಗೆಳೆಯರ ಹೆಸರು ಕೂಗುವುದು, ಬಂದವರನ್ನು ಹುರಿದುಂಬಿಸುವುದು. ಚಪ್ಪರದಲ್ಲಿ ನಾವು ‘ಶಿವಮೊಗ್ಗದಿಂದ ಬಂದ ನೆಂಟರು ಊಟಕ್ಕೆ ಬನ್ನಿ’ ಅಂತ ಕೂಗುತ್ತಿದ್ದೆವಲ್ಲ, ಹೆಚ್ಚು ಕಮ್ಮಿ ಅದೇ ಕೆಲಸ, ಅದಕ್ಕಿಂತ ಸ್ವಲ್ಪ ಠೀವಿಯಿಂದ. ಆಮೇಲೆ ಪ್ರಾಸ ಬಂತು, ಉದ್ದುದ್ದ ಸಾಲು ಬಂತು, ಪೈಪೋಟಿ ಬಂತು. ಅದೂ ದೊಡ್ಡ ವಿದ್ಯೆಯೇ, ನಾನು ಕಮ್ಮಿ ಮಾಡಿ ಹೇಳುತ್ತಿಲ್ಲ. ಆದರೆ ಪೋಸ್ಟರಿನಲ್ಲಿ ದೊಡ್ಡಕ್ಷರದಲ್ಲಿ ಇರುತ್ತಿದ್ದದ್ದು ಡಿಜೆ ಹೆಸರು. ಜನ ಬರುತ್ತಿದ್ದದ್ದು ಯಾರ ಸೆಟ್ ಜೋರು, ಯಾರ ಹತ್ತಿರ ಯಾವ ಪ್ಲೇಟ್ ಇದೆ ಅಂತ ನೋಡಿ.

ಇದು ಯಾವಾಗ ಉಲ್ಟಾ ಆಯಿತು? ನನಗೆ ತೋಚಿದ ಕಾರಣ ಬಹಳ ಸರಳ. ಪಾರ್ಟಿಯನ್ನು ಪ್ಲೇಟ್ ಮಾಡಿ ಮಾರಲು ಆಗುವುದಿಲ್ಲ. ಡಿಜೆ ಆಡಿಸುವುದೇ ಬೇರೆಯವರ ಪ್ಲೇಟು, ಅದನ್ನು ಮತ್ತೆ ಪ್ಲೇಟ್ ಮಾಡುವುದು ಹೇಗೆ? ಕುಣಿತವನ್ನಂತೂ ಪ್ಲೇಟಿಗೆ ಹಾಕುವ ಹಾಗೇ ಇಲ್ಲ. ಮಾರಲು ಸಿಗುವುದು ಮಾತು ಒಂದೇ. 1979ರಲ್ಲಿ ನ್ಯೂಜೆರ್ಸಿಯ ಶುಗರ್‌ಹಿಲ್ ಕಂಪನಿ ‘ರ‍್ಯಾಪರ್ಸ್ ಡಿಲೈಟ್’ ಅಂತ ಪ್ಲೇಟ್ ತಂದಾಗ ಆಗಿದ್ದು ಅದು. ಹದಿನಾಲ್ಕು ನಿಮಿಷಕ್ಕೂ ಜಾಸ್ತಿ ಉದ್ದದ ಹಾಡು. ಹಿಂದೆ ನುಡಿಸಿದ್ದು ಬ್ಯಾಂಡಿನವರು, ಡಿಜೆ ಇಲ್ಲವೇ ಇಲ್ಲ. ಹಾಡಿದ ಮೂವರೂ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಹೆಸರು ಮಾಡಿದವರಲ್ಲ, ಅವರಲ್ಲಿ ಒಬ್ಬ ಹೇಳಿದ ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಅನ್ನುವ ಬ್ರಾಂಕ್ಸ್ ಹುಡುಗ ಬರೆದವು. ಪ್ಲೇಟ್ ಲೋಕವೆಲ್ಲ ಸುತ್ತಿತು. ಬ್ರಾಂಕ್ಸ್ ನೋಡದ ಜನ ಹಿಪ್ ಹಾಪ್ ಅಂದರೆ ಇದೇ ಅಂದುಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಅದೇ ನಡೆದು ಬಂದಿದೆ, ನಿಮ್ಮ ಪುರವಣಿಯವರೆಗೂ.

1982ರ ‘ದಿ ಮೆಸೇಜ್’ ಇನ್ನೂ ವಿಚಿತ್ರ. ಆ ಹಾಡಿನ ಲೇಬಲ್ ಮೇಲೆ ಇರುವ ಮೊದಲ ಹೆಸರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್. ಆದರೆ ಹಾಡಿನಲ್ಲಿ ಅವನು ಪ್ಲೇಟ್ ಮುಟ್ಟಿಯೇ ಇಲ್ಲ. ಹೇಳಿದವರು ಮೆಲಿ ಮೆಲ್ ಮತ್ತು ಡ್ಯೂಕ್ ಬೂಟಿ. ಡಿಜೆ ಹೆಸರು ಮಾರಾಟಕ್ಕೆ ಬೇಕಿತ್ತು, ಡಿಜೆ ಬೇಕಿರಲಿಲ್ಲ. ಹಾಡು ಅದ್ಭುತ, ಬಡಾವಣೆಯ ಬದುಕನ್ನು ಹಾಗೆ ಯಾರೂ ಹೇಳಿರಲಿಲ್ಲ, ಅದು ಬೇರೆ ಮಾತು. 1989ರಲ್ಲಿ ರ‍್ಯಾಪ್‌ಗೆ ಕೊಟ್ಟ ಮೊಟ್ಟಮೊದಲ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದದ್ದು ‘ಡಿಜೆ ಜ್ಯಾಝಿ ಜೆಫ್ ಆ್ಯಂಡ್ ದಿ ಫ್ರೆಶ್ ಪ್ರಿನ್ಸ್’ ಜೋಡಿಗೆ. ಎರಡನೇ ಹೆಸರಿನವನು ವಿಲ್ ಸ್ಮಿತ್, ನಮ್ಮ ಸಾಗರದ ಥಿಯೇಟರಿನಲ್ಲೂ ಅವನ ಸಿನಿಮಾ ಓಡಿದೆ. ಮೊದಲನೇ ಹೆಸರಿನವನು ಯಾರು ಅಂತ ಹತ್ತು ಜನರನ್ನು ಕೇಳಿ ನೋಡಿ.

ಕುಣಿತದವರ ಪಾಡು ಇದಕ್ಕಿಂತ ಕಷ್ಟ. ಬ್ರಾಂಕ್ಸ್‌ನ ಕಪ್ಪು ಹುಡುಗರು ಶುರು ಮಾಡಿದ್ದನ್ನು ಎಪ್ಪತ್ತರ ದಶಕದ ಕೊನೆಗೆ ಪೋರ್ಟರಿಕೋ ಮೂಲದ ಹುಡುಗರು ಎತ್ತಿ ಹಿಡಿದರು. ರಾಕ್ ಸ್ಟೆಡಿ ಕ್ರೂ ಅನ್ನುವ ತಂಡದಲ್ಲಿ ಕ್ರೇಝಿ ಲೆಗ್ಸ್, ಕೆನ್ ಸ್ವಿಫ್ಟ್ ಥರದವರಿದ್ದರು. 1981ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್ ಕಲಾಕೇಂದ್ರದ ಎದುರು ಇನ್ನೊಂದು ತಂಡದ ಜೊತೆ ಪೈಪೋಟಿಗೆ ಬಿದ್ದು ಕುಣಿದರು, ಪತ್ರಿಕೆಯವರು ಬಂದರು, ಹೆಸರಾಯಿತು. 1983ರಲ್ಲಿ ‘ಫ್ಲ್ಯಾಷ್‌ಡ್ಯಾನ್ಸ್’ ಸಿನಿಮಾದಲ್ಲಿ ಬೀದಿಯ ಒಂದು ಸಣ್ಣ ದೃಶ್ಯದಲ್ಲಿ ಇವರು ಕಾಣುತ್ತಾರೆ. ಆದರೆ ಸಿನಿಮಾದ ಕೊನೆಯಲ್ಲಿ ನಾಯಕಿ ಆಡಿಷನ್‌ನಲ್ಲಿ ಬೆನ್ನ ಮೇಲೆ ಬುಗುರಿ ಹಾಗೆ ತಿರುಗುತ್ತಾಳಲ್ಲ, ಅದು ನಾಯಕಿ ಅಲ್ಲ. ವಿಗ್ ಹಾಕಿಕೊಂಡ ಕ್ರೇಝಿ ಲೆಗ್ಸ್! ಲೋಕವೆಲ್ಲ ಚಪ್ಪಾಳೆ ಹೊಡೆದದ್ದು ಆ ತಿರುಗುವಿಕೆಗೆ, ಮುಖ ಬೇರೆಯವರದ್ದು. ನಮ್ಮ ಯಕ್ಷಗಾನದ ಸ್ತ್ರೀವೇಷಕ್ಕೆ ಕೊನೆಪಕ್ಷ ಹ್ಯಾಂಡ್‌ಬಿಲ್ಲಿನಲ್ಲಿ ಹೆಸರಾದರೂ ಇರುತ್ತದೆ.

ಆ ಸಿನಿಮಾಗಳ ಅಲೆಯೇ ನಮ್ಮ ಊರಿಗೂ ಬಂದದ್ದು. ಗಣಪತಿ ಪೆಂಡಾಲ್, ಕಾಲೇಜ್ ಡೇ, ಆರ್ಕೆಸ್ಟ್ರಾ, ಎಲ್ಲಿ ನೋಡಿದರೂ ಬ್ರೇಕ್ ಡ್ಯಾನ್ಸ್. ಕೈಯಲ್ಲಿ ಕರೆಂಟ್ ಹೊಡೆದ ಹಾಗೆ ಅಲೆ ಬಿಡುವುದು, ರೋಬೋಟ್ ನಡಿಗೆ. ನಾನೂ ಕುಣಿದಿದ್ದೇನೆ, ನಮ್ಮದೇ ಬಾಕ್ಸಿನ ಎದುರಿಗೆ. ಅದರಲ್ಲಿ ಜಾಸ್ತಿ ಭಾಗ ಕ್ಯಾಲಿಫೋರ್ನಿಯಾ ಕಡೆಯ ಪಾಪಿಂಗ್, ಲಾಕಿಂಗ್ ಅನ್ನುವ ಕುಣಿತ ಅಂತೆ, ಬ್ರಾಂಕ್ಸ್‌ನ ಬಿ-ಬಾಯ್‌ಗಳ ಬ್ರೇಕಿಂಗೇ ಬೇರೆ ಅಂತ ಐವತ್ತು ದಾಟಿದ ಮೇಲೆ ಗೊತ್ತಾಯಿತು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸಿದ್ದರು.

ಒಲಿಂಪಿಕ್ಸ್ ವಿಷಯಕ್ಕೂ ಬರುತ್ತೇನೆ. 2024ರ ಆಗಸ್ಟ್ 9 ಮತ್ತು 10ರಂದು ಪ್ಯಾರಿಸ್‌ನಲ್ಲಿ ಬ್ರೇಕಿಂಗ್ ಮೊದಲ ಸಲ ಒಲಿಂಪಿಕ್ಸ್ ಪದಕದ ಆಟವಾಯಿತು. ಜಪಾನಿನ ಆಮಿ ಚಿನ್ನ ಗೆದ್ದಳು, ಕೆನಡಾದ ಫಿಲ್ ವಿಝರ್ಡ್ ಚಿನ್ನ ಗೆದ್ದ. ಆದರೆ ನಮ್ಮ ಪತ್ರಿಕೆ, ಟೀವಿ, ಫೋನು ಎಲ್ಲ ತುಂಬಿದ್ದು ಒಂದು ಪಾಯಿಂಟೂ ಸಿಗದ ಆಸ್ಟ್ರೇಲಿಯಾದ ರೇಗನ್ ಅನ್ನುವ ಬಿ-ಗರ್ಲ್ ವಿಡಿಯೊ. ಕಾಂಗರೂ ಹಾಗೆ ಕುಪ್ಪಳಿಸಿದ್ದನ್ನು ನೋಡಿ ನಾವೂ ನಕ್ಕೆವು. ಅವಳಿಂದಾಗಿ ಮುಂದಿನ ಒಲಿಂಪಿಕ್ಸ್‌ನಿಂದ ಬ್ರೇಕಿಂಗ್ ಕೈಬಿಟ್ಟರು ಅಂತ ಸುಮಾರು ಜನ ನಂಬಿದ್ದಾರೆ. ಅದು ತಪ್ಪು. 2028ರ ಲಾಸ್ ಏಂಜಲೀಸ್‌ಗೆ ಯಾವ ಹೊಸ ಆಟ ಸೇರಬೇಕು ಅಂತ 2023ರ ಅಕ್ಟೋಬರಿನಲ್ಲೇ ತೀರ್ಮಾನ ಆಗಿತ್ತು, ಪ್ಯಾರಿಸ್‌ಗೆ ಹತ್ತು ತಿಂಗಳ ಮೊದಲು. ಆ ಪಟ್ಟಿಯಲ್ಲಿ ಕ್ರಿಕೆಟ್ ಇತ್ತು, ನಾವು ಪಟಾಕಿ ಹೊಡೆಯುವುದೊಂದು ಬಾಕಿ. ಬ್ರೇಕಿಂಗ್ ಇರಲಿಲ್ಲ, ಯಾರೂ ಕೇಳಲಿಲ್ಲ. ಅದೇ ಲಾಸ್ ಏಂಜಲೀಸ್ 1984ರ ಒಲಿಂಪಿಕ್ಸ್ ಮುಕ್ತಾಯಕ್ಕೆ ಬ್ರೇಕ್ ಡ್ಯಾನ್ಸರ್‌ಗಳನ್ನು ಮೈದಾನ ತುಂಬ ಕುಣಿಸಿತ್ತು.

ಪ್ಯಾರಿಸ್‌ನಲ್ಲಿ ನನಗೆ ಹಿಡಿಸಿದ ಸಂಗತಿ ಬೇರೆ. ಕುಣಿಯುವವರಿಗೆ ಯಾವ ಹಾಡು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಡಿಜೆ ಹಾಕಿದ್ದಕ್ಕೆ ಅಲ್ಲೇ ನಿಂತ ನಿಲುವಿನಲ್ಲೇ ಕುಣಿಯಬೇಕು. ಅಲ್ಲಿದ್ದ ಡಿಜೆಗಳು ಫ್ಲೆಗ್ ಮತ್ತು ಪ್ಲ್ಯಾಶ್ ಒನ್. 1973ರಲ್ಲಿ ಹೆರ್ಕ್ ಮತ್ತು ಗೋಡೆಗೆ ಒರಗಿದ ಹುಡುಗರ ನಡುವೆ ಇದ್ದ ಸಂಬಂಧ ಹಾಗೇ ಉಳಿದಿದೆ. ಮೈಕಿನವನನ್ನು ಅಲ್ಲಿಂದ ತೆಗೆದರೂ ಕುಣಿತ ನಡೆಯುತ್ತದೆ, ಡಿಜೆಯನ್ನು ತೆಗೆದರೆ ಎಲ್ಲರೂ ಮನೆಗೆ ಹೋಗಬೇಕು.

ಹಾಗಂತ ಈ ವಿದ್ಯೆ ಸತ್ತಿದೆ ಅಂತ ನಾನು ಅಳುತ್ತಿಲ್ಲ. 1985ರಿಂದ ಡಿಜೆಗಳ ವಿಶ್ವ ಸ್ಪರ್ಧೆ ಡಿಎಂಸಿ ಅಂತ ನಡೆದು ಬಂದಿದೆ, ಬ್ರೇಕಿಂಗ್‌ಗೆ ಜರ್ಮನಿಯಲ್ಲಿ 1990ರಲ್ಲಿ ಶುರುವಾದ ಬ್ಯಾಟಲ್ ಆಫ್ ದಿ ಇಯರ್ ಇದೆ, ಕೊರಿಯಾ, ಜಪಾನ್, ಫ್ರಾನ್ಸ್‌ನ ಹುಡುಗರು ಅಮೆರಿಕದವರನ್ನೇ ಸೋಲಿಸುತ್ತಾರೆ. ಕಳೆದುಹೋಗಿರುವುದು ಮರ್ಯಾದೆ. 2011ರಲ್ಲಿ ಕೂಲ್ ಹೆರ್ಕ್‌ಗೆ ಕಿಡ್ನಿ ಸ್ಟೋನ್ ಆಪರೇಷನ್ ಆದಾಗ ಆರೋಗ್ಯ ವಿಮೆ ಇಲ್ಲದೆ ಜನರ ಹತ್ತಿರ ಸಹಾಯ ಕೇಳಬೇಕಾಯಿತು. ಕೋಟಿಗಟ್ಟಲೆ ಡಾಲರಿನ ವ್ಯಾಪಾರಕ್ಕೆ ಮೊದಲ ಪ್ಲೇಟ್ ಹಾಕಿದವನು! 2023ರಲ್ಲಿ ಹಿಪ್ ಹಾಪ್‌ಗೆ 50 ವರ್ಷ ಅಂತ ಎಲ್ಲ ಕಡೆ ಸಂಭ್ರಮ ಮಾಡಿದರು. ಆ 50 ವರ್ಷದ ಲೆಕ್ಕ ಶುರುವಾಗುವುದೇ ಹೆರ್ಕ್ ಪ್ಲೇಟ್ ಹಾಕಿದ ರಾತ್ರಿಯಿಂದ. ಆ ವರ್ಷವಾದರೂ ಸಂಗೀತಗಾರರನ್ನು ಗೌರವಿಸುವ ಅಮೆರಿಕದ ಸಂಸ್ಥೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಅವನನ್ನು ಕರೆದು ಗೌರವಿಸಿದರು ಅನ್ನಿ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸಂಜೆ ಗೆಳೆಯರ ಜೊತೆ ಬ್ರೇಕಿಂಗ್ ಮಾಡುತ್ತಾನೆ. ನನಗೆ ಇಷ್ಟೆಲ್ಲ ಹುಚ್ಚು ಹಿಡಿಸಿದವನೂ ಅವನೇ. ಹೋದ ವರ್ಷ ಹಬ್ಬಕ್ಕೆ ಬಂದಾಗ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬಿ ಬಿಚ್ಚಿ ಅಂಗಳದಲ್ಲಿ ಹಾಸಿದ. ಫೋನಿನಲ್ಲಿ ಹಾಡು ಹಾಕಿದ. ಮೊದಲು ನಿಂತೇ ಹೆಜ್ಜೆ ಹಾಕಿದ, ಆಮೇಲೆ ಕೂತ, ಎರಡೂ ಅಂಗೈ ಊರಿ ಕಾಲನ್ನು ಸುತ್ತ ಬೀಸಿದ, ಕೊನೆಗೆ ಒಂದು ಮೊಣಕೈ ಮೇಲೆ ಮೈ ಎತ್ತಿ ಗಕ್ಕನೆ ನಿಂತ. ಡ್ರಮ್ ನಿಂತದ್ದೂ ಅವನು ನಿಂತದ್ದೂ ಒಂದೇ ಕ್ಷಣ. ಅಪ್ಪನಿಗೆ ಈಗ 84. ಜಗಲಿ ಮೇಲೆ ಕೂತು ಕವಳ ಹಾಕುತ್ತಾ ನೋಡುತ್ತಿದ್ದವರು, ‘ಅಲ್ಲ ಮಾರಾಯ, ಇವನು ಹಾಡಿಗೆ ಕುಣಿಯೂದಲ್ಲ, ಹಾಡಿನ ಸಂದಿಗೆ ಕುಣಿತಾನೆ’ ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಮೈಕ್ ಸೆಟ್ಟಿನವರಲ್ವಾ, ಕಿವಿ ಹಾಗಿದೆ. ಆಮೇಲೆ ಹುಡುಗ ತಾತನಿಗೆ ಸ್ಕ್ರ್ಯಾಚ್ ವಿಡಿಯೊ ತೋರಿಸಿದ. ಅಪ್ಪ ಎರಡು ನಿಮಿಷ ಸುಮ್ಮನೆ ನೋಡಿ, ನನ್ನ ಕಡೆ ತಿರುಗಿ, ‘ಪಿನ್ ಎಷ್ಟು ದಿನ ಬಾಳ್ತದೆ ಕೇಳು’ ಅಂದರು. ಕಪಾಳಕ್ಕೆ ಹೊಡೆದ ಮಾತು ಎತ್ತಲಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಎರಡೇ. ಮುಂದಿನ ಸಲ ಹಿಪ್ ಹಾಪ್ ಬಗ್ಗೆ ಬರೆಸಿದಾಗ ಹನ್ನೊಂದು ಫೋಟೊದಲ್ಲಿ ಒಂದು ಡಿಜೆಯದ್ದು, ಒಂದು ಬಿ-ಬಾಯ್ ಅಥವಾ ಬಿ-ಗರ್ಲ್‌ದು ಇರಲಿ. ಬೆಂಗಳೂರಿನಲ್ಲೇ ಇಬ್ಬರೂ ಸಿಗುತ್ತಾರೆ, ನ್ಯೂಯಾರ್ಕಿಗೆ ಫೋನ್ ಮಾಡಬೇಕಾಗಿಲ್ಲ. ಎರಡನೆಯದು, ಗಣಪತಿ ಮೆರವಣಿಗೆ ಸುದ್ದಿಯಲ್ಲಿ ‘ಡಿಜೆ ನಿಷೇಧ’ ಅನ್ನುವ ಕಡೆ ‘ಸೌಂಡ್ ಬಾಕ್ಸ್ ನಿಷೇಧ’ ಅಂತ ಹಾಕಿ. ಆ ಟ್ರ್ಯಾಕ್ಟರಿನ ಮೇಲೆ ಡಿಜೆ ಯಾರೂ ಇರುವುದಿಲ್ಲ, ಪೆನ್ ಡ್ರೈವ್ ಒಂದು ಇರುತ್ತದೆ. ಬಾಕ್ಸ್ ನಮ್ಮವು, ಬಾಡಿಗೆ ತೆಗೆದುಕೊಂಡವರು ನಾವು, ಬೈಗುಳ ನಮ್ಮ ಮನೆಗೇ ಬರಲಿ.

ಇತಿ,
ಮೈಕ್ ಸೆಟ್ಟಿನವರ ಮಗ
ಸಾಗರ